ಪ್ಯಾಕೇಜ್ ಪ್ರವಾಸಕ್ಕೆ ಹಣ ಕಟ್ಟುವಾಗ: ಕ್ರೆಡಿಟ್ ಕಾರ್ಡೋ, ಡೆಬಿಟ್ ಕಾರ್ಡೋ, ಅಟಾಲ್ ಒಂದಿದ್ದರೆ ಸಾಕೋ?

2019ರ ಸೆಪ್ಟೆಂಬರ್ 23ರಂದು ಥಾಮಸ್ ಕುಕ್ ಕಂಪನಿ ಬಾಗಿಲು ಹಾಕಿದಾಗ ಅದರ ಸುಮಾರು ಒಂದೂವರೆ ಲಕ್ಷ ಗ್ರಾಹಕರು ಬ್ರಿಟನ್‌ನಿಂದ ಹೊರಗಿದ್ದರು. ಅದಕ್ಕೆ ಎರಡು ವರ್ಷ ಮುಂಚೆ, 2017ರ ಅಕ್ಟೋಬರ್ 2ರಂದು, ಮೊನಾರ್ಕ್ ಏರ್‌ಲೈನ್ಸ್ ಮುಳುಗಿದಾಗ ಸುಮಾರು 1,10,000 ಮಂದಿಯನ್ನು ವಾಪಸು ಕರೆತರಬೇಕಾಯಿತು. ಹೊರಗೆ ಸಿಕ್ಕಿಕೊಂಡವರು ಹೇಗೋ ಮನೆ ಸೇರಿದರು. ಮುಂದಿನ ತಿಂಗಳುಗಳ ಪ್ರವಾಸಕ್ಕೆ ಹಣ ಕಟ್ಟಿ ಕೂತಿದ್ದವರ ಕಥೆ ಬೇರೆ. ಪ್ಯಾಕೇಜ್ ಕೊಂಡವರು ಅಟಾಲ್ (ವಿಮಾನ ಸೇರಿದ ಪ್ಯಾಕೇಜಿನ ಹಣ ಕಾಯುವ ಬ್ರಿಟನ್ನಿನ ವ್ಯವಸ್ಥೆ) ಬಾಗಿಲು ತಟ್ಟಿದರು, ಬರೀ ವಿಮಾನದ ಟಿಕೆಟ್ ಕೊಂಡವರು ಕಾರ್ಡ್ ಕೊಟ್ಟ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಯಿತು. ಒಂದೇ ಕಂಪನಿ, ಒಂದೇ ದಿನ, ಆದರೆ ಏನು ಕೊಂಡಿರಿ, ಹೇಗೆ ಹಣ ಕಟ್ಟಿದಿರಿ ಎನ್ನುವುದರ ಮೇಲೆ ದಾರಿಯೇ ಬೇರೆ.

ಈ ಬರಹ ಬ್ರಿಟನ್‌ನಲ್ಲಿದ್ದು, ಅಲ್ಲಿನ ಬ್ಯಾಂಕಿನ ಕಾರ್ಡಿನಿಂದ ಪ್ರವಾಸ ಕಾಯ್ದಿರಿಸುವವರಿಗೆ. ಕೊನೆಯ ಮಾತು ಬಹಳ ಮುಖ್ಯ. ಊರಿನಿಂದ ಬರುವ ಅಪ್ಪ-ಅಮ್ಮ ಭಾರತದ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಿಂದ ಲಂಡನ್ನಿನ ಕಂಪನಿಗೆ ಹಣ ಕಟ್ಟಿದರೆ, ಮುಂದೆ ಹೇಳುವ ಸೆಕ್ಷನ್ 75 ಅವರಿಗೆ ಸಿಗುವುದಿಲ್ಲ. ಆ ಕಾನೂನು ಹಿಡಿದುಕೊಳ್ಳುವುದು ಬ್ರಿಟನ್ನಿನ ಸಾಲದ ಒಪ್ಪಂದವನ್ನು. ಕಂಪನಿ ಎಲ್ಲಿಯದು ಎಂಬುದನ್ನಲ್ಲ.

ಕ್ರೆಡಿಟ್ ಕಾರ್ಡ್: ಇಲ್ಲಿರುವುದು ಕಾನೂನಿನ ಹಕ್ಕು

1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ ಸೆಕ್ಷನ್ 75 ಹೇಳುವುದಿಷ್ಟು: ನಗದು ಬೆಲೆ 100 ಪೌಂಡ್ ಮೀರಿ, 30,000 ಪೌಂಡ್ ಮೀರದ ವಸ್ತು ಅಥವಾ ಸೇವೆಯನ್ನು ಕ್ರೆಡಿಟ್ ಕಾರ್ಡಿನಿಂದ ಕೊಂಡಾಗ, ಮಾರಿದವರು ಒಪ್ಪಂದ ಮುರಿದರೆ ಅಥವಾ ಸುಳ್ಳು ಹೇಳಿ ಮಾರಿದ್ದರೆ, ಮಾರಿದವರಷ್ಟೇ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿಗೂ ಇರುತ್ತದೆ. ಮೊದಲು ಪ್ರವಾಸ ಕಂಪನಿಯ ಬೆನ್ನು ಹತ್ತಿ ಸೋತು ಬನ್ನಿ ಎಂದು ಬ್ಯಾಂಕ್ ಹೇಳುವಂತಿಲ್ಲ. ಕಂಪನಿ ದಿವಾಳಿಯಾಗಿದ್ದರೆ ಬ್ಯಾಂಕೊಂದೇ ಉಳಿಯುತ್ತದೆ, ಅದು ಪೂರ್ತಿ ಕೊಡಬೇಕು.

ಇದರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಇಡೀ ಮೊತ್ತವನ್ನು ಕಾರ್ಡಿನಿಂದ ಕಟ್ಟಬೇಕಾಗಿಲ್ಲ. 3,000 ಪೌಂಡಿನ ಪ್ಯಾಕೇಜಿಗೆ 250 ಪೌಂಡ್ ಮುಂಗಡ ಮಾತ್ರ ಕ್ರೆಡಿಟ್ ಕಾರ್ಡಿನಿಂದ ಕಟ್ಟಿ, ಬಾಕಿ 2,750 ಪೌಂಡನ್ನು ಡೆಬಿಟ್ ಕಾರ್ಡಿನಿಂದಲೋ ಬ್ಯಾಂಕ್ ಟ್ರಾನ್ಸ್‌ಫರ್ ಮೂಲಕವೋ ಕೊಟ್ಟಿದ್ದರೂ ಹೊಣೆ ಪೂರ್ತಿ 3,000ಕ್ಕೆ ಬರುತ್ತದೆ. ಲೆಕ್ಕಕ್ಕೆ ಬರುವುದು ಕೊಂಡದ್ದರ ಬೆಲೆ. ಕಾರ್ಡಿನಲ್ಲಿ ಉಜ್ಜಿದ ಮೊತ್ತವಲ್ಲ. ಕಾರ್ಡಿನ ಮಿತಿ ಕಡಿಮೆ ಇದ್ದವರಿಗೂ, ದೊಡ್ಡ ಸಾಲ ಎಂದರೆ ಹೆದರುವವರಿಗೂ ಇದೇ ದಾರಿ. ಶೇ 24.9ರ ವಾರ್ಷಿಕ ದರದ ಕಾರ್ಡಿನಲ್ಲಿ 3,000 ಪೌಂಡ್ ಬಾಕಿ ಉಳಿಸಿಕೊಂಡರೆ ತಿಂಗಳಿಗೆ 55 ಪೌಂಡ್ ಆಸುಪಾಸು ಬಡ್ಡಿ ಹೋಗುತ್ತದೆ. 250 ಪೌಂಡನ್ನು ಗಡುವಿನೊಳಗೆ ತೀರಿಸಿದರೆ ಏನೂ ಇಲ್ಲ. ಕಾರ್ಡ್ ಬಳಸಿದ್ದಕ್ಕೆ ಹೆಚ್ಚುವರಿ ಶುಲ್ಕ ಕೇಳುವುದನ್ನೂ 2018ರ ಜನವರಿ 13ರಿಂದ ಬ್ರಿಟನ್ನಿನಲ್ಲಿ ನಿಷೇಧಿಸಲಾಗಿದೆ, ಆದ್ದರಿಂದ ಆ ನೆಪವೂ ಉಳಿದಿಲ್ಲ.

ಇನ್ನೊಂದು ಲಾಭ: ಮೂಲ ಬೆಲೆಗಷ್ಟೇ ಅಲ್ಲದೆ, ಒಪ್ಪಂದ ಮುರಿದದ್ದರಿಂದ ನೇರವಾಗಿ ಆದ ನಷ್ಟವನ್ನೂ ಕೇಳಬಹುದು. ಹೋಟೆಲ್ ಕೋಣೆ ಇಲ್ಲವೆಂದಿತು, ಆ ರಾತ್ರಿ ಬೇರೆಡೆ 140 ಪೌಂಡ್ ಕೊಟ್ಟು ತಂಗಿದಿರಿ ಎಂದರೆ ಆ ಬಿಲ್ಲನ್ನೂ ಸೇರಿಸಿ. ಕಂಪನಿ ಮುಳುಗಲೇಬೇಕು ಎಂದೇನಿಲ್ಲ. ಈಜುಕೊಳ ಇದೆ ಎಂದು ಬರೆದು ಅಲ್ಲಿ ಬರೀ ಗುಂಡಿ ತೋಡಿಟ್ಟಿದ್ದರೆ ಅದೂ ಒಪ್ಪಂದ ಮುರಿದಂತೆಯೇ. ಆಗ ಪೂರ್ತಿ ಹಣ ಬರುವುದಿಲ್ಲ, ಕಳೆದುಕೊಂಡ ಸೌಕರ್ಯಕ್ಕೆ ತಕ್ಕ ಪಾಲು ಬರುತ್ತದೆ.

ಮಾರಿದ ಕಂಪನಿ ಹೊರದೇಶದ್ದಾದರೂ ಹಕ್ಕು ನಿಲ್ಲುತ್ತದೆ. 2007ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ಖಚಿತಪಡಿಸಿತು. ಬ್ರಿಟನ್ನಿನ ಕ್ರೆಡಿಟ್ ಕಾರ್ಡಿನಿಂದ ಭಾರತದ ಪ್ರವಾಸ ಕಂಪನಿಗೆ ಹಣ ಕಟ್ಟಿದರೂ ನೀವು ಬ್ಯಾಂಕನ್ನು ಕೇಳಬಹುದು. ಹೊರದೇಶದ ವಹಿವಾಟಿಗೆ ಸಾಮಾನ್ಯ ಕಾರ್ಡುಗಳು ಶೇ 3ರ ಹತ್ತಿರ ಶುಲ್ಕ ಹಾಕುತ್ತವೆ. ಆ ಶುಲ್ಕವಿಲ್ಲದ ಕಾರ್ಡ್ ಆರಿಸಿಕೊಳ್ಳಿ, ಅಷ್ಟೇ.

ಕೊಂಡಿ ಕಳಚುವ ಜಾಗಗಳು

ಸೆಕ್ಷನ್ 75 ನಿಲ್ಲಬೇಕಾದರೆ ಕಾರ್ಡುದಾರ, ಬ್ಯಾಂಕ್, ಮಾರಿದವರು ಈ ಮೂವರ ನಡುವೆ ನೇರ ಕೊಂಡಿ ಇರಬೇಕು. ತಿರಸ್ಕೃತವಾಗುವ ಅರ್ಜಿಗಳನ್ನು ತೆರೆದು ನೋಡಿದರೆ ಸಿಗುವ ಸಾಮಾನ್ಯ ಕಾರಣ ಇದೇ: ಹಣ ಹೋದದ್ದು ಒಬ್ಬರಿಗೆ, ಒಪ್ಪಂದ ಇದ್ದದ್ದು ಇನ್ನೊಬ್ಬರ ಜೊತೆ.

ಅಂತರ್ಜಾಲದ ಟಿಕೆಟ್ ಏಜೆಂಟರ ಬಳಿ ಬೆಂಗಳೂರಿಗೆ ವಿಮಾನದ ಟಿಕೆಟ್ ಕೊಂಡಿರಿ ಎನ್ನಿ. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಏಜೆಂಟರ ಹೆಸರಿದೆ, ಆದರೆ ಹಾರಿಸುವ ಒಪ್ಪಂದ ವಿಮಾನ ಕಂಪನಿಯದು. ವಿಮಾನ ಕಂಪನಿ ಮುಳುಗಿದರೆ ಬ್ಯಾಂಕ್ 'ಏಜೆಂಟರು ತಮ್ಮ ಕೆಲಸ ಮಾಡಿದ್ದಾರಲ್ಲ' ಎಂದು ಕೈ ತೊಳೆದುಕೊಳ್ಳಬಹುದು. ಅದೇ ಸ್ಟೇಟ್‌ಮೆಂಟಿನಲ್ಲಿ ವಿಮಾನ ಕಂಪನಿಯ ಹೆಸರೇ ಬಂದಿದ್ದರೆ ನಿಮ್ಮ ಸ್ಥಿತಿ ಬಹಳ ಗಟ್ಟಿ. ಹೀಗಾಗಿ ಬುಕ್ ಮಾಡಿದ ಎರಡು ಮೂರು ದಿನಕ್ಕೆ ಸ್ಟೇಟ್‌ಮೆಂಟ್ ತೆರೆದು, ಅಲ್ಲಿನ ಹೆಸರನ್ನೂ ಬುಕಿಂಗ್ ಪತ್ರದಲ್ಲಿ 'ನಿಮ್ಮ ಒಪ್ಪಂದ ಇವರೊಂದಿಗೆ' ಎಂದಿರುವ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐದು ನಿಮಿಷದ ಕೆಲಸ.

ಪೇಪಾಲ್‌ನಂಥ ಮಧ್ಯವರ್ತಿಯ ಮೂಲಕ ಹೋದ ಹಣದಲ್ಲೂ ಇದೇ ತಕರಾರು ಎದ್ದೀತು. ಆ್ಯಪಲ್ ಪೇ, ಗೂಗಲ್ ಪೇ ಬೇರೆ. ಅವು ಕಾರ್ಡನ್ನೇ ಫೋನಿನಲ್ಲಿ ಹಿಡಿದುಕೊಂಡಂತೆ, ಸಾಮಾನ್ಯವಾಗಿ ತೊಂದರೆಯಿಲ್ಲ.

ಇನ್ನು ಮನೆಯೊಳಗಿನ ತೊಡಕು. ಗಂಡನ ಹೆಸರಿನ ಖಾತೆಗೆ ಹೆಂಡತಿಗೆ ಎರಡನೇ ಕಾರ್ಡ್ ಇರುತ್ತದೆ. ಸಾಲದ ಒಪ್ಪಂದ ಗಂಡನದು. ಹೆಂಡತಿ ತನ್ನ ಗೆಳತಿಯರ ಜೊತೆ ಹೋಗುವ ಪ್ರವಾಸವನ್ನು ತನ್ನ ಹೆಸರಲ್ಲಿ ಆ ಕಾರ್ಡಿನಿಂದ ಕಾಯ್ದಿರಿಸಿದರೆ ಕೊಂಡಿ ಕಳಚಿದಂತೆಯೇ. ಪರಿಹಾರ ಸುಲಭ: ಮುಖ್ಯ ಕಾರ್ಡುದಾರರ ಹೆಸರನ್ನೇ ಬುಕಿಂಗಿನ ಮುಖ್ಯ ಪ್ರಯಾಣಿಕರಾಗಿ ಹಾಕಿ, ಇಲ್ಲವೆ ಅವರವರ ಹೆಸರಿನ ಖಾತೆಯ ಕಾರ್ಡನ್ನೇ ಬಳಸಿ. ಗೆಳೆಯರ ಗುಂಪಿನಲ್ಲೂ ಇದೇ ನಿಯಮ. ಕಾರ್ಡ್ ಯಾರದೋ ಬುಕಿಂಗ್ ಅವರ ಹೆಸರಲ್ಲಿರಲಿ, ಉಳಿದವರು ತಮ್ಮ ಪಾಲನ್ನು ಅವರಿಗೆ ಕಳಿಸಲಿ.

ಬೆಲೆಯ ಮಿತಿಯಲ್ಲೂ ಒಂದು ಬಲೆ ಇದೆ. 100 ಪೌಂಡ್ ಎಂಬುದು ಒಂದೊಂದು ವಸ್ತುವಿನ ಬೆಲೆಗೆ, ಬಿಲ್ಲಿನ ಮೊತ್ತಕ್ಕಲ್ಲ. 60 ಪೌಂಡಿನ ನಾಲ್ಕು ಟಿಕೆಟಿಗೆ 240 ಪೌಂಡ್ ಕಟ್ಟಿದ್ದರೆ, ಪ್ರತಿ ಟಿಕೆಟ್ಟೂ ಬೇರೆ ವಸ್ತು ಎಂದು ಬ್ಯಾಂಕ್ ವಾದಿಸುತ್ತದೆ. ಇಡಿಯಾಗಿ ಒಂದೇ ಬೆಲೆ ಹಾಕಿ ಮಾರುವ ಪ್ಯಾಕೇಜಿನಲ್ಲಿ ಈ ಜಗಳ ಅಪರೂಪ.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದು ಕೊಟ್ಟರೆ ರಕ್ಷಣೆ ಇಲ್ಲ. ಪ್ರತಿ ತಿಂಗಳೂ ಪೂರ್ತಿ ತೀರಿಸಲೇಬೇಕಾದ ಚಾರ್ಜ್ ಕಾರ್ಡ್, ಮೊದಲೇ ಹಣ ತುಂಬುವ ಪ್ರೀಪೇಯ್ಡ್ ಕಾರ್ಡ್, ಕಂಪನಿ ಕೊಟ್ಟ ಬಿಸಿನೆಸ್ ಕಾರ್ಡ್ ಇವಕ್ಕೂ ಇಲ್ಲ.

ಡೆಬಿಟ್ ಕಾರ್ಡ್ ಮತ್ತು ಚಾರ್ಜ್‌ಬ್ಯಾಕ್

ಡೆಬಿಟ್ ಕಾರ್ಡಿಗೆ ಸೆಕ್ಷನ್ 75 ಇಲ್ಲ, ಚಾರ್ಜ್‌ಬ್ಯಾಕ್ ಇದೆ. ಇದು ಕಾನೂನಲ್ಲ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ತಂತಮ್ಮ ಬ್ಯಾಂಕುಗಳಿಗೆ ಹಾಕಿಕೊಂಡ ನಿಯಮ. ಮಾರಿದವರ ಬ್ಯಾಂಕಿನಿಂದ ನಿಮ್ಮ ಬ್ಯಾಂಕ್ ಹಣ ಹಿಂದಕ್ಕೆ ಎಳೆಯುತ್ತದೆ, ಮಾರಿದವರು ತಕರಾರು ತೆಗೆದು ದಾಖಲೆ ಕೊಟ್ಟರೆ ಹಣ ಮತ್ತೆ ಅತ್ತ ಹೋಗಲೂಬಹುದು. ಖಾತೆಗೆ ಬಂತೆಂದು ಮರುದಿನವೇ ಬೇರೆ ಪ್ರವಾಸಕ್ಕೆ ಖರ್ಚು ಮಾಡಬೇಡಿ.

ಕೆಳಮಿತಿ ಇಲ್ಲ ಎಂಬುದು ಇದರ ಅನುಕೂಲ. 35 ಪೌಂಡಿನ ವಿಮಾನ ನಿಲ್ದಾಣದ ಟ್ಯಾಕ್ಸಿಗೂ ಕೇಳಬಹುದು. ಕಾಲಮಿತಿ ಮಾತ್ರ ಬಿಗಿ: ಸಾಮಾನ್ಯವಾಗಿ ಸೇವೆ ಸಿಗಬೇಕಿದ್ದ ದಿನದಿಂದ, ಇಲ್ಲವೆ ಅದು ಸಿಗುವುದಿಲ್ಲವೆಂದು ತಿಳಿದ ದಿನದಿಂದ 120 ದಿನ, ಹಣ ಕಟ್ಟಿದ ದಿನದಿಂದ 540 ದಿನದ ಹೊರಮಿತಿಯೂ ಇದೆ. ಎರಡು ವರ್ಷ ಮುಂಚೆಯೇ ಕ್ರೂಸ್ ಕಾಯ್ದಿರಿಸುವವರು ಈ 540ನ್ನು ಗಮನದಲ್ಲಿಡಬೇಕು. ಸೆಕ್ಷನ್ 75ಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರು ವರ್ಷ, ಸ್ಕಾಟ್ಲೆಂಡಿನಲ್ಲಿ ಐದು ವರ್ಷ ಕಾಲಾವಕಾಶ.

ಮೇಲಿನ 3,000 ಪೌಂಡಿನ ಲೆಕ್ಕಕ್ಕೇ ಬನ್ನಿ. 250 ಪೌಂಡ್ ಮುಂಗಡ ಡೆಬಿಟ್ ಕಾರ್ಡಿನಿಂದ, ಉಳಿದದ್ದು ಟ್ರಾನ್ಸ್‌ಫರ್ ಮೂಲಕ ಹೋಗಿದ್ದರೆ ಚಾರ್ಜ್‌ಬ್ಯಾಕಿನಲ್ಲಿ ಹೆಚ್ಚೆಂದರೆ 250 ಬರುತ್ತದೆ. ಅದೇ 250 ಕ್ರೆಡಿಟ್ ಕಾರ್ಡಿನಿಂದ ಹೋಗಿದ್ದರೆ ಬ್ಯಾಂಕಿನ ಹೊಣೆ 3,000. ಎರಡೂ ಪ್ಲಾಸ್ಟಿಕ್ಕೇ ತಾನೇ ಎನ್ನುವವರಿಗೆ ಇಷ್ಟು ಸಾಕು.

ಅಟಾಲ್: ವಿಮಾನ ಸೇರಿದ ಪ್ಯಾಕೇಜಿಗೆ

ಅಟಾಲ್ ಎಂಬುದು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ 1970ರ ದಶಕದಿಂದ ನಡೆಸಿಕೊಂಡು ಬಂದಿರುವ ಪರವಾನಗಿ ವ್ಯವಸ್ಥೆ. ಪರವಾನಗಿ ಹೊಂದಿದ ಕಂಪನಿ ಪ್ರತಿ ಪ್ರಯಾಣಿಕರಿಗೆ 2.50 ಪೌಂಡಿನಂತೆ ಒಂದು ನಿಧಿಗೆ ಕಟ್ಟುತ್ತದೆ. ಕಂಪನಿ ಮುಳುಗಿದರೆ ಹೊರಡದವರಿಗೆ ಹಣ ವಾಪಸು. ಹೊರಟವರಿಗೆ ಪ್ರವಾಸ ಮುಗಿಸಿ ಮನೆಗೆ ಮರಳುವ ಏರ್ಪಾಡು. ಈ ಎರಡನೆಯದನ್ನು ಯಾವ ಕಾರ್ಡೂ ಮಾಡಿಕೊಡುವುದಿಲ್ಲ. ಪರದೇಶದ ವಿಮಾನ ನಿಲ್ದಾಣದಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಿಂತವರಿಗೆ ಬ್ಯಾಂಕಿನ ಹಕ್ಕು ಆ ರಾತ್ರಿ ಯಾವ ಉಪಯೋಗಕ್ಕೂ ಬಾರದು. ಅದು ಕೊಡುವುದು ಆಮೇಲೆ ಹಣ ಮಾತ್ರ.

ಹಣ ಕಟ್ಟಿದ ಕೂಡಲೇ ಅಟಾಲ್ ಪ್ರಮಾಣಪತ್ರ ಕೈಗೆ ಬರಬೇಕು. ಪೂರ್ತಿ ಕಟ್ಟಿದ ಮೇಲೆ ಕೊಡುತ್ತೇವೆ ಎಂದರೆ ಅನುಮಾನಿಸಿ. ಪತ್ರದಲ್ಲಿ ನೋಡಬೇಕಾದ್ದು ಮೂರು: ಕಂಪನಿಯ ಹೆಸರು ಮತ್ತು ಅಟಾಲ್ ಸಂಖ್ಯೆ, ಪತ್ರ ಪ್ಯಾಕೇಜಿಗೋ ಅಥವಾ ಬರೀ ವಿಮಾನಕ್ಕೋ ಎಂಬುದು, ಏನೇನು ಒಳಗೊಂಡಿದೆ ಎಂಬ ಪಟ್ಟಿ. ಸಂಖ್ಯೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ಹಾಕಿ ಹೆಸರು ತಾಳೆಯಾಗುತ್ತದೆಯೇ ನೋಡಿ. ಪುಟದ ಅಡಿಯಲ್ಲಿ ಲಾಂಛನ ಅಂಟಿಸುವುದು ಯಾರಿಗೂ ಕಷ್ಟವಲ್ಲ. ಅಟಾಲ್ ಇರುವ ಕಂಪನಿ ಮಾರುವುದೆಲ್ಲಕ್ಕೂ ಅಟಾಲ್ ಇರುತ್ತದೆ ಎಂದೂ ತಿಳಿಯಬೇಡಿ. ಅದೇ ಜಾಲತಾಣದಲ್ಲಿ ಹೋಟೆಲ್ ಒಂದನ್ನೇ ಕೊಂಡರೆ ಅದು ಹೊರಗೆ. ವಿಮಾನ ಕಂಪನಿಯಿಂದ ನೇರ ಕೊಂಡ ಟಿಕೆಟಿಗೂ ಅಟಾಲ್ ಇಲ್ಲ.

ಬೀದಿಯ ಟ್ರಾವೆಲ್ ಏಜೆಂಟರ ಮೂಲಕ ದೊಡ್ಡ ಕಂಪನಿಯ ಪ್ಯಾಕೇಜ್ ಕೊಳ್ಳುವವರಿಗೆ ಅಟಾಲ್ ಬಲವಾದ ಆಸರೆ, ಕಾರ್ಡ್ ದುರ್ಬಲ. ಹಣ ಏಜೆಂಟರ ಹೆಸರಿಗೆ ಹೋಗಿರುವುದರಿಂದ ಬ್ಯಾಂಕ್ ಕೊಂಡಿಯ ತಕರಾರು ತೆಗೆಯಬಹುದು. ಅಟಾಲ್‌ಗೆ ಆ ಗೊಡವೆ ಇಲ್ಲ. ಹೋಟೆಲಿನ ಗುಣಮಟ್ಟದ ಜಗಳಕ್ಕೆ ಮಾತ್ರ ಅಟಾಲ್ ಕೆಲಸಕ್ಕೆ ಬಾರದು, ಅದು ದಿವಾಳಿಗಷ್ಟೇ.

ರೈಲು, ಕೋಚ್, ಹಡಗಿನ ಪ್ಯಾಕೇಜಿಗೆ, ಎಂದರೆ ವಿಮಾನ ಇಲ್ಲದ ಕಡೆ, ಕಂಪನಿಯು ಬಾಂಡ್, ವಿಮೆ ಅಥವಾ ಟ್ರಸ್ಟ್ ಖಾತೆ ಈ ಮೂರರಲ್ಲೊಂದರ ಮೂಲಕ ನಿಮ್ಮ ಹಣವನ್ನು ಕಾಯ್ದಿಡಬೇಕು. ಪ್ರವಾಸ ಕಂಪನಿಗಳ ಸಂಘವಾದ ಆಬ್ಟಾದ ಸದಸ್ಯತ್ವ ಇವುಗಳಲ್ಲಿ ಹೆಚ್ಚು ಕಾಣುವ ಗುರುತು. ಯಾವ ಬಗೆಯ ರಕ್ಷಣೆ, ಕೊಟ್ಟವರು ಯಾರು ಎಂದು ಬರಹದಲ್ಲಿ ಕೇಳಿ. 'ಎಲ್ಲಾ ಇದೆ ಸಾರ್' ಎಂಬ ಬಾಯಿಮಾತು ಲೆಕ್ಕಕ್ಕಿಲ್ಲ.

ಪ್ಯಾಕೇಜ್ ಎಂದರೆ ಯಾವುದು

2018ರ ಜುಲೈ 1ರಿಂದ ಜಾರಿಯಲ್ಲಿರುವ ಪ್ಯಾಕೇಜ್ ಪ್ರವಾಸ ನಿಯಮಗಳ ಪ್ರಕಾರ ಪ್ರಯಾಣ, ತಂಗುದಾಣ, ಬಾಡಿಗೆ ವಾಹನ, ಇತರ ಪ್ರವಾಸಿ ಸೇವೆ ಇವುಗಳಲ್ಲಿ ಕನಿಷ್ಠ ಎರಡು ಬಗೆಯನ್ನು ಒಂದೇ ಪ್ರವಾಸಕ್ಕೆಂದು ಒಂದೇ ಬುಟ್ಟಿಯಲ್ಲಿ, ಒಟ್ಟು ಬೆಲೆಗೆ ಕೊಂಡರೆ ಅದು ಪ್ಯಾಕೇಜ್. ಆಗ ಹೋಟೆಲಿನ ತಪ್ಪಿಗೂ ಸಂಘಟಕರೇ ಹೊಣೆ. ಸಂಘಟಕರು ರದ್ದು ಮಾಡಿದರೆ 14 ದಿನದೊಳಗೆ ಹಣ ವಾಪಸು. ಬುಕ್ ಮಾಡಿದ ಮೇಲೆ ಬೆಲೆಯನ್ನು ಶೇ 8ಕ್ಕಿಂತ ಹೆಚ್ಚು ಏರಿಸಿದರೆ ನೀವು ಶುಲ್ಕವಿಲ್ಲದೆ ಹಿಂದೆ ಸರಿಯಬಹುದು.

ಇದಕ್ಕೆ ತೀರಾ ಹತ್ತಿರ ಕಾಣುವ, ಆದರೆ ಪೊಳ್ಳಾದ ಒಂದು ಸೋದರ ಇದೆ. ವಿಮಾನದ ಟಿಕೆಟ್ ಕೊಂಡು ಮುಗಿಸಿದ ಪುಟದಲ್ಲಿ 'ಹೋಟೆಲ್ ಬೇಕೇ?' ಎಂಬ ಕೊಂಡಿ ಒತ್ತಿ, 24 ಗಂಟೆಯೊಳಗೆ ಬೇರೊಂದು ಕಂಪನಿಯಿಂದ ಕೋಣೆ ಕಾಯ್ದಿರಿಸಿದರೆ ಅದು ಜೋಡಿಸಿದ ಪ್ರವಾಸ ವ್ಯವಸ್ಥೆ ಎನ್ನಿಸಿಕೊಳ್ಳುತ್ತದೆ. ಜೋಡಿಸಿಕೊಟ್ಟ ಕಂಪನಿ ಮುಳುಗಿದರೆ, ಅದರ ಕೈ ಸೇರಿದ ಹಣಕ್ಕೆ ಮಾತ್ರ ರಕ್ಷಣೆ. ಹೋಟೆಲ್ ಕೈಕೊಟ್ಟರೆ ನೀವೂ ಹೋಟೆಲೂ ಉಂಟು. ಇಂಥ ಬುಕಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆಯಾಗಿ ಕ್ರೆಡಿಟ್ ಕಾರ್ಡನ್ನೇ ಬಳಸಬೇಕು, ಪ್ರತಿಯೊಂದೂ 100 ಪೌಂಡ್ ದಾಟಿರಬೇಕು.

ವಿಮೆ ಯಾವುದಕ್ಕೆ

ಮೇಲೆ ಹೇಳಿದ ಯಾವುದೂ ನಿಮ್ಮ ಕಡೆಯ ತೊಂದರೆಗೆ ಅಲ್ಲ. ಜ್ವರ ಬಂತು, ಕೆಲಸ ಹೋಯಿತು, ಅಜ್ಜಿ ತೀರಿಕೊಂಡರು ಎಂದು ನೀವೇ ಹೋಗಲಾಗದಿದ್ದರೆ ಕಂಪನಿ ಒಪ್ಪಂದ ಮುರಿದಂತಾಗುವುದಿಲ್ಲ. ಅದಕ್ಕೆ ಪ್ರವಾಸ ವಿಮೆಯೇ ಬೇಕು, ಅದನ್ನೂ ಬುಕ್ ಮಾಡಿದ ದಿನವೇ ಕೊಳ್ಳಬೇಕು. ಹೊರಡುವ ಹಿಂದಿನ ದಿನ ಕೊಂಡರೆ ನಡುವಿನ ತಿಂಗಳುಗಳೆಲ್ಲ ಬಯಲು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಎಚ್ಚರ. ಷೆಂಗೆನ್ ವೀಸಾ ತಿರಸ್ಕೃತವಾದರೆ ಸೆಕ್ಷನ್ 75 ಇಲ್ಲ, ಅಟಾಲ್ ಇಲ್ಲ, ಅನೇಕ ವಿಮಾ ಪಾಲಿಸಿಗಳೂ ವೀಸಾ ನಿರಾಕರಣೆಯನ್ನು ಹೊರಗಿಟ್ಟಿರುತ್ತವೆ. ವೀಸಾ ಅರ್ಜಿಗೆಂದು ತೆಗೆದುಕೊಳ್ಳುವ 30,000 ಯೂರೊ ವಿಮೆ ವೈದ್ಯಕೀಯ ಖರ್ಚಿಗೆ ಇರುವಂಥದ್ದು. ಪ್ರವಾಸದ ಹಣ ಅದರಿಂದ ಬರುತ್ತದೆಂದು ನಂಬಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ವೀಸಾ ಕೈಗೆ ಬರುವವರೆಗೆ ಮುಂಗಡ ಸಣ್ಣದಿರುವ, ರದ್ದತಿ ಶುಲ್ಕ ತಡವಾಗಿ ಏರುವ ಪ್ಯಾಕೇಜ್ ಹುಡುಕುವುದೇ ನಿಜವಾದ ರಕ್ಷಣೆ.

ವಿಮಾನ, ಹೋಟೆಲ್ ಬಿಡಿಬಿಡಿಯಾಗಿ ಕೊಳ್ಳುವವರು ಪಾಲಿಸಿಯಲ್ಲಿ ವಿಮಾನ ಕಂಪನಿಯ ದಿವಾಳಿಗೆ ಮತ್ತು ಇತರ ಸೇವಾದಾರರ ದಿವಾಳಿಗೆ ಪರಿಹಾರ ಇದೆಯೇ ಎಂದು ನೋಡಬೇಕು. ಎಲ್ಲ ಪಾಲಿಸಿಯಲ್ಲೂ ಇರುವುದಿಲ್ಲ, ಇದ್ದರೂ ಆ ಕಂಪನಿ ತೊಂದರೆಯಲ್ಲಿದೆ ಎಂಬ ಸುದ್ದಿ ಹೊರಬಿದ್ದ ಮೇಲೆ ಕೊಂಡರೆ ಲೆಕ್ಕಕ್ಕೆ ಬರುವುದಿಲ್ಲ.

ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ, ರಿಯಾಯಿತಿ ಕೊಡುತ್ತೇವೆ ಎಂದರೆ

ಬೇಡ. 2024ರ ಅಕ್ಟೋಬರ್ 7ರಿಂದ ಮೋಸಹೋಗಿ ಕಳಿಸಿದ ಹಣವನ್ನು ಬ್ಯಾಂಕುಗಳು 85,000 ಪೌಂಡ್‌ವರೆಗೆ ಹಿಂತಿರುಗಿಸಬೇಕೆಂಬ ನಿಯಮ ಬಂದಿದೆ, ಕೊನೆಯ ಪಾವತಿಯಿಂದ 13 ತಿಂಗಳೊಳಗೆ ಕೇಳಬೇಕು, 100 ಪೌಂಡ್‌ವರೆಗೆ ಮುರಿದುಕೊಳ್ಳಬಹುದು. ಆದರೆ ಅದು ಮೋಸಕ್ಕೆ, ಅದೂ ಬ್ರಿಟನ್ನಿನ ಒಳಗಿನ ಖಾತೆಗೆ ಹೋದ ಹಣಕ್ಕೆ. ನಿಜವಾದ ಕಂಪನಿ ನಿಜವಾಗಿ ಮುಳುಗಿದರೆ ಅದು ಮೋಸವಲ್ಲ, ಈ ನಿಯಮ ಅನ್ವಯಿಸುವುದಿಲ್ಲ. ಕಾರ್ಡಿನಿಂದ ಮುಂಗಡ ಕಟ್ಟಿ ಬಾಕಿಯನ್ನಷ್ಟೇ ಟ್ರಾನ್ಸ್‌ಫರ್ ಮಾಡುವುದಾದರೆ ಅದು ಬೇರೆ ಮಾತು. ಮೊದಲ ಪೈಸೆಯಿಂದಲೇ ಟ್ರಾನ್ಸ್‌ಫರ್ ಕೇಳುವವರಿಗೆ ಶೇ 5ರ ರಿಯಾಯಿತಿಯ ಆಸೆಗೆ ಬೀಳಬೇಡಿ.

ಕೈಕೊಟ್ಟಾಗ ಮಾಡಬೇಕಾದ್ದು

ಪ್ರವಾಸದ ನಡುವೆ ಕಂಪನಿ ಮುಳುಗಿ, ಹೋಟೆಲಿನವರು ಮತ್ತೆ ಹಣ ಕೊಡಿ ಎಂದರೆ ಕೂಡಲೇ ಕೊಡಬೇಡಿ. ಮೊದಲು ವಿಮಾನಯಾನ ಪ್ರಾಧಿಕಾರಕ್ಕೆ ಫೋನ್ ಮಾಡಿ. ಹೋಟೆಲಿಗೆ ಹಣ ಸಂದಾಯವಾಗುತ್ತದೆಂದು ಅವರು ಭರವಸೆ ಕೊಡಬಹುದು. ಕೊಡಲೇಬೇಕಾಗಿ ಬಂದರೆ ರಸೀದಿ ಬಿಡಬೇಡಿ.

ಮನೆಯಲ್ಲಿದ್ದೀರಿ, ಪ್ಯಾಕೇಜಿಗೆ ಅಟಾಲ್ ಇದೆ ಎಂದರೆ ಮೊದಲು ಪ್ರಾಧಿಕಾರದ ಜಾಲತಾಣದಲ್ಲಿ ಆ ಕಂಪನಿಗೆ ಹೇಳಿರುವ ಕ್ರಮ ಓದಿ. ಒಂದೇ ಹಣವನ್ನು ಎರಡು ಕಡೆ ಪಡೆಯುವಂತಿಲ್ಲ: ಅಟಾಲ್ ನಿಧಿಯಿಂದ ಹಣ ಬಂದರೆ ಕಾರ್ಡ್ ಬ್ಯಾಂಕಿನ ಮೇಲಿರುವ ನಿಮ್ಮ ಹಕ್ಕು ಆ ನಿಧಿಗೆ ವರ್ಗವಾಗುತ್ತದೆ ಎಂದು ಪ್ರಮಾಣಪತ್ರದಲ್ಲೇ ಬರೆದಿರುತ್ತದೆ.

ಬ್ಯಾಂಕಿಗೆ ಬರೆಯುವಾಗ ಪದಗಳಲ್ಲಿ ಎಚ್ಚರ. 'ಒಂದು ವಹಿವಾಟಿನ ತಕರಾರು' ಎಂದರೆ ಫೋನಿನ ಆ ತುದಿಯವರು ಅದನ್ನು ಚಾರ್ಜ್‌ಬ್ಯಾಕ್ ಎಂದು ದಾಖಲಿಸುತ್ತಾರೆ. ಅದು ಬಿದ್ದುಹೋದರೆ ಎಲ್ಲ ಮುಗಿಯಿತೆಂದು ಪತ್ರ ಬರುತ್ತದೆ. ಮುಗಿದಿರುವುದಿಲ್ಲ. '1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ ಸೆಕ್ಷನ್ 75ರ ಅಡಿಯಲ್ಲಿ ಕೇಳುತ್ತಿದ್ದೇನೆ, ಚಾರ್ಜ್‌ಬ್ಯಾಕ್ ಕೂಡ ಪರಿಶೀಲಿಸಿ' ಎಂದು ಬರಹದಲ್ಲಿ ಕೊಡಿ. ಜೊತೆಗೆ ಬುಕಿಂಗ್ ಪತ್ರ, ಬುಕ್ ಮಾಡಿದ ದಿನದ ಜಾಹೀರಾತಿನ ಚಿತ್ರ, ಕಾರ್ಡ್ ಸ್ಟೇಟ್‌ಮೆಂಟ್, ಬೇರೆ ದಾರಿಯಲ್ಲಿ ಕಟ್ಟಿದ ಬಾಕಿಯ ದಾಖಲೆ, ಹೆಚ್ಚುವರಿ ಖರ್ಚಿನ ಬಿಲ್ಲುಗಳು ಇರಲಿ. ಹೋಟೆಲಿನ ದೂರಾದರೆ ದಿನಾಂಕ ಕಾಣುವ ಫೋಟೊ, ಅಲ್ಲಿದ್ದಾಗಲೇ ಕಂಪನಿಯ ಪ್ರತಿನಿಧಿಗೆ ಕಳಿಸಿದ ದೂರು ಬೇಕು. ಊರಿಗೆ ಬಂದ ಮೇಲೆ ಮೊದಲ ಸಲ ದೂರಿದರೆ, ಸರಿಪಡಿಸಲು ಅವಕಾಶವನ್ನೇ ಕೊಡಲಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕಂಪನಿ ಹಣದ ಬದಲು ವೌಚರ್ ಕೊಡಲು ಬಂದರೆ ಯೋಚಿಸಿ ಒಪ್ಪಿಕೊಳ್ಳಿ. ಒಪ್ಪಿದ ಮೇಲೆ ಚಾರ್ಜ್‌ಬ್ಯಾಕ್ ಸಾಮಾನ್ಯವಾಗಿ ನಿಲ್ಲದು, ಆ ವೌಚರಿಗೆ ಬೆಲೆ ಇರುವುದೂ ಕಂಪನಿ ಉಸಿರಾಡುವವರೆಗೆ. ವಿವಾದ ನಡೆಯುತ್ತಿರುವಾಗ ಕಾರ್ಡಿನ ಕನಿಷ್ಠ ಕಂತನ್ನು ತಪ್ಪಿಸಬೇಡಿ. ಸಿಟ್ಟಿನಲ್ಲಿ ನಿಲ್ಲಿಸಿದರೆ ಕಪ್ಪುಚುಕ್ಕೆ ಬೀಳುವುದು ನಿಮ್ಮ ಕ್ರೆಡಿಟ್ ದಾಖಲೆಗೆ.

ಬ್ಯಾಂಕ್ ಇಲ್ಲವೆಂದರೆ ಅಥವಾ ಸುಮ್ಮನಿದ್ದರೆ ವಿಧಿವತ್ತಾಗಿ ದೂರು ಕೊಡಿ. ಎಂಟು ವಾರದೊಳಗೆ ಅಂತಿಮ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಅಂತಿಮ ಉತ್ತರದ ಪತ್ರದ ಮೇಲಿರುವ ದಿನಾಂಕದಿಂದ ಆರು ತಿಂಗಳು ಮಾತ್ರ ಸಮಯ, ಆದ್ದರಿಂದ ಆ ಪತ್ರವನ್ನು ಸಿಟ್ಟಿನಿಂದ ಹರಿದು ಹಾಕಬೇಡಿ.